ಮುಖ ನೋಡದೆ ಬೀಳುವ ಮೊಹರು

ಮಾನ್ಯ ಕಾನೂನು ಸಚಿವರಿಗೆ ಮತ್ತು ಮಾನ್ಯ ಸಾರಿಗೆ ಸಚಿವರಿಗೆ,

ನಮಸ್ಕಾರ.

ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಕೋರ್ಟಿನ ಎದುರು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತೇನೆ. 17 ವರ್ಷವಾಯಿತು. ದಿನಾ ಬೆಳಗಾದರೆ ಅಫಿಡವಿಟ್ ಟೈಪ್ ಮಾಡುವುದೇ ಕೆಲಸ. ‘ಇಂಥವರು ಕೋಂ ಇಂಥವರು, ವಯಸ್ಸು ಇಷ್ಟು, ವಾಸ ಇಂಥ ಗ್ರಾಮ, ಆದ ನಾನು ಈ ಮೂಲಕ ಪ್ರಮಾಣ ಮಾಡಿ ಹೇಳುವುದೇನೆಂದರೆ’ ಅನ್ನುವವರೆಗೆ ನನ್ನ ಕಂಪ್ಯೂಟರಿನಲ್ಲಿ ಮೊದಲೇ ತಯಾರಿರುತ್ತದೆ. ಹೆಸರು, ವಯಸ್ಸು, ಊರು ಬದಲಿಸಿದರೆ ಮುಗಿಯಿತು. ಅಂಗಡಿಯಿಂದ ಹತ್ತು ಹೆಜ್ಜೆ ಆಚೆ ಹೊಂಗೆ ಮರ. ಅದರ ಕೆಳಗೆ ತಗಡಿನ ಶೀಟು, ಶೀಟಿನ ಕೆಳಗೆ ನೋಟರಿಯವರ ಮೇಜು. ಪ್ರಿಂಟರಿನ ಬಿಸಿ ಆರುವ ಮೊದಲೇ ಕಾಗದಕ್ಕೆ ಮೊಹರು ಬಿದ್ದಿರುತ್ತದೆ.

ಹಾಗಾಗಿ ಸಹಿ ಮಾಡಿದವರ ಮುಖವನ್ನೂ ನೋಡದೆ ಬೀಳುವ ಆ ಮೊಹರಿನ ಬಗ್ಗೆ ಈ ಪತ್ರ ಬರೆಯುವುದೆಂದರೆ ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಂತೆ. ಗೊತ್ತಿದ್ದೇ ಬರೆಯುತ್ತಿದ್ದೇನೆ.

ಮೊದಲು ನಮ್ಮ ಮನೆಯದೇ ಕತೆ ಹೇಳುತ್ತೇನೆ. ನಮ್ಮ ಮಾವ ತೀರಿಕೊಂಡಾಗ ಅವರ ಹೆಸರಿನಲ್ಲಿ ಒಂದು ಹಳೇ ಸ್ಕೂಟರ್ ಇತ್ತು. ಮಾರಿದರೆ ದೊಡ್ಡ ದುಡ್ಡೇನೂ ಬರುವುದಿಲ್ಲ. ಆದರೂ ಹೆಸರು ಬದಲಾಯಿಸಲೇಬೇಕಲ್ಲ. ಆರ್‌ಟಿಒ ಏಜೆಂಟ್ ಒಂದು ಪಟ್ಟಿ ಕೊಟ್ಟ. ಮರಣ ಪತ್ರ, ಆರ್‌ಸಿ, ಇನ್ಶೂರೆನ್ಸ್, ಫಾರಂ 31, ವಂಶವೃಕ್ಷ. ಅದರ ಮೇಲೆ ಅತ್ತೆಯವರದೊಂದು ಅಫಿಡವಿಟ್, ನನ್ನ ಗಂಡನ ಇಬ್ಬರು ತಂಗಿಯರಿಂದ ಒಂದೊಂದು ಒಪ್ಪಿಗೆ ಅಫಿಡವಿಟ್. ‘ಎಲ್ಲಾನೂ ನೋಟರಿ ಮಾಡಿಸಿ ಮೇಡಂ, ಇಲ್ಲಾಂದ್ರೆ ಕೌಂಟರಲ್ಲಿ ವಾಪಸ್ ಮಾಡ್ತಾರೆ’ ಅಂದ.

ಟೈಪ್ ಮಾಡಿದ್ದು ನಾನೇ. ಅತ್ತೆಗೆ ಮಂಡಿ ನೋವು, ಮೆಟ್ಟಿಲು ಇಳಿಯುವುದು ಕಷ್ಟ. ರಾತ್ರಿ ಊಟ ಆದ ಮೇಲೆ ಮನೆಯಲ್ಲೇ ಸಹಿ ಹಾಕಿದರು. ಒಬ್ಬ ನಾದಿನಿ ಪಕ್ಕದ ಬೀದಿಯವಳು. ಇನ್ನೊಬ್ಬಳು ಪುಣೆಯಲ್ಲಿದ್ದಾಳೆ, ಸಹಿ ಮಾಡಿ ಕೊರಿಯರ್‌ನಲ್ಲಿ ಕಳಿಸಿದಳು. ಮರುದಿನ ಮೂರನ್ನೂ ಹೊಂಗೆ ಮರದ ಕೆಳಗೆ ಒಯ್ದೆ. ಅಲ್ಲಿದ್ದ ಹುಡುಗ ಸಹಿ ಎಲ್ಲಿದೆ ಅಂತಷ್ಟೇ ನೋಡಿದ. ಯಾರದು ಅಂತ ಕೇಳಲಿಲ್ಲ. ಠಪ್, ಠಪ್, ಠಪ್. ‘ನನ್ನ ಸಮಕ್ಷಮದಲ್ಲಿ ಸಹಿ ಮಾಡಿರುತ್ತಾರೆ’ ಅನ್ನುವ ಠಸ್ಸೆ ಮೂರರ ಮೇಲೂ ಬಿತ್ತು. ಕಾಗದದ ಪ್ರಕಾರ ಪುಣೆಯ ನಾದಿನಿ ಆ ದಿನ ನಮ್ಮೂರ ಹೊಂಗೆ ಮರದ ಕೆಳಗೇ ಇದ್ದಳು!

ನಿಜ ಹೇಳಬೇಕೆಂದರೆ ಆ ದಿನ ನನಗೆ ಖುಷಿಯೇ ಆಯಿತು. ಐದು ನಿಮಿಷದಲ್ಲಿ ಕೆಲಸ ಮುಗಿಯಿತಲ್ಲ ಅಂತ. ಗಿರಾಕಿಗಳಿಗೂ ಅದನ್ನೇ ಹೇಳುತ್ತಿದ್ದೆ. ‘ಅವರು ಬರೋದು ಬೇಡ ಬಿಡಿ, ಸಹಿ ಹಾಕಿಸ್ಕೊಂಡು ಬನ್ನಿ ಸಾಕು.’

ಆಮೇಲೆ ಒಂದು ದಿನ ಮಧ್ಯಾಹ್ನ ಐವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದಳು. ಸೆರಗಿನಡಿ ಪ್ಲಾಸ್ಟಿಕ್ ಕವರು, ಅದರೊಳಗೆ ಎರಡು ಹಾಳೆ. ‘ಜೆರಾಕ್ಸ್ ಬೇಡ ಅಕ್ಕಾ. ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳ್ತೀರಾ?’ ಅಂದಳು. ಅಪ್ಪ ಸತ್ತ ಮೇಲೆ ಟ್ರ್ಯಾಕ್ಟರನ್ನು ತನ್ನ ಹೆಸರಿಗೆ ಮಾಡಿಕೊಳ್ಳಬೇಕು ಅಂತ ಅಣ್ಣ ಮನೆಗೆ ಬಂದು ಸಹಿ ಹಾಕಿಸಿಕೊಂಡು ಹೋಗಿದ್ದನಂತೆ. ಟ್ರ್ಯಾಕ್ಟರ್ ಅಣ್ಣನಿಗೇ ಇರಲಿ ಅಂತ ಇವಳೂ ಹಾಕಿದ್ದಳು.

ಮೊದಲ ಹಾಳೆಯಲ್ಲಿ ಟ್ರ್ಯಾಕ್ಟರ್ ಇತ್ತು. ಎರಡನೆಯದರಲ್ಲಿ ಟ್ರ್ಯಾಕ್ಟರ್ ಸುದ್ದಿಯೇ ಇಲ್ಲ. ತಂದೆಯ ಜಮೀನಿನಲ್ಲೂ ಮನೆಯಲ್ಲೂ ನನಗೆ ಯಾವುದೇ ಹಕ್ಕು, ಹಿತಾಸಕ್ತಿ ಇರುವುದಿಲ್ಲ, ಖಾತೆಯನ್ನು ನನ್ನ ಅಣ್ಣನ ಹೆಸರಿಗೆ ಮಾಡಲು ನನ್ನ ತಕರಾರು ಇಲ್ಲ ಅಂತ ಇತ್ತು. ಎರಡರ ಮೇಲೂ ದುಂಡು ಮೊಹರು. ಎರಡರಲ್ಲೂ ‘ನನ್ನ ಸಮಕ್ಷಮ’. ಅವಳು ಆ ಮರದ ಕಡೆ ಕಾಲೇ ಇಟ್ಟಿರಲಿಲ್ಲ.

ಓದುತ್ತಾ ಓದುತ್ತಾ ನನ್ನ ಕೈ ನಿಂತುಹೋಯಿತು. ‘ಹಿತಾಸಕ್ತಿ’ ಅನ್ನುವ ಕಡೆ ‘ಹಿತಾಶಕ್ತಿ’ ಎಂದಿತ್ತು. ಅದು ನನ್ನ ಫೈಲಿನ ತಪ್ಪು. ನುಡಿ ಸಾಫ್ಟ್‌ವೇರಿನಲ್ಲಿ ಯಾವ ಕಾಲದಲ್ಲೋ ಹೊಡೆದಿಟ್ಟ ಫೈಲು, ತಿದ್ದೋಣ ತಿದ್ದೋಣ ಅಂತ ತಿದ್ದಿರಲಿಲ್ಲ. ಆ ಹಾಳೆ ನನ್ನ ಅಂಗಡಿಯಲ್ಲೇ ಹುಟ್ಟಿದ್ದು. ಅವಳ ಅಣ್ಣ ಯಾವಾಗ ಬಂದ, ಏನು ಹೇಳಿ ಟೈಪ್ ಮಾಡಿಸಿದ, ಒಂದೂ ನೆನಪಿಲ್ಲ. ದಿನಕ್ಕೆ ಎಷ್ಟು ಜನ ಬರುತ್ತಾರೋ.

ಸ್ವಾಮಿ, ಆ ಹಾಳೆಯಿಂದ ಅವಳ ಪಾಲು ಹೋಗುವುದಿಲ್ಲ ಅಂತ ನನಗೆ ಗೊತ್ತು. ಜಮೀನು, ಮನೆಯ ಹಕ್ಕು ಬಿಡಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಣಿ ಆಗಬೇಕು. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಹಾಗೇ ಹೇಳುತ್ತದೆ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಅಂತ ನಮ್ಮ ರಾಜ್ಯ 1994ರಲ್ಲೇ ಕಾನೂನು ಮಾಡಿತು. ಕೇಂದ್ರ 2005ರಲ್ಲಿ ಮಾಡಿತು. ಹುಟ್ಟಿನಿಂದಲೇ ಬರುವ ಹಕ್ಕು ಅದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಗಟ್ಟಿಯಾಗಿ ಹೇಳಿತು. ಇಷ್ಟೆಲ್ಲ ಇದೆ. ಆದರೆ ಊರಲ್ಲಿ ಪಂಚಾಯ್ತಿ ಕೂತಾಗ ಆ ಹಾಳೆಯನ್ನು ಎತ್ತಿ ಹಿಡಿದರೆ ಸಾಕು. ‘ನೋಡಮ್ಮ, ನೀನೇ ಸಹಿ ಹಾಕಿದೀಯ, ಸರ್ಕಾರದ ಸೀಲೂ ಇದೆ’ ಅಂತಾರೆ. ಅವಳು ಸುಮ್ಮನಾಗುತ್ತಾಳೆ. ಕೋರ್ಟಿಗೆ ಹೋಗಿ ಆ ಹಾಳೆ ಲೆಕ್ಕಕ್ಕಿಲ್ಲ ಅಂತ ಹೇಳಿಸಲು ಅವಳ ಹತ್ತಿರ ದುಡ್ಡೂ ಇಲ್ಲ, ವರ್ಷಗಟ್ಟಲೆ ಅಲೆಯುವ ತ್ರಾಣವೂ ಇಲ್ಲ.

ಅದಾದ ಮೇಲೆ ನಾನು ನೋಟರಿ ಕಾಯ್ದೆ ಮತ್ತು ನಿಯಮಗಳನ್ನು ಕೂತು ಓದಿದೆ. ಇಷ್ಟು ವರ್ಷ ಅದರ ಮೇಲೇ ಬದುಕಿ ಒಂದು ಸಲವೂ ಓದಿರಲಿಲ್ಲ ನೋಡಿ. ಕಾಯ್ದೆ 1952ರದು, ನಿಯಮಗಳು 1956ರವು. ಮೊಹರು ದುಂಡಗಿರಬೇಕು, 5 ಸೆಂಟಿಮೀಟರ್ ಅಗಲ ಇರಬೇಕು, ಅದರಲ್ಲಿ ಹೆಸರು, ನೋಂದಣಿ ಸಂಖ್ಯೆ, ಯಾವ ಪ್ರದೇಶಕ್ಕೆ ನೇಮಕ ಅನ್ನುವುದೆಲ್ಲ ಇರಬೇಕು. ಇದನ್ನಂತೂ ಎಲ್ಲರೂ ಚಾಚೂ ತಪ್ಪದೆ ಪಾಲಿಸುತ್ತಾರೆ. ಅದೇ ನಿಯಮಗಳಲ್ಲಿ ಇನ್ನೂ ಕೆಲವು ಮಾತು ಇವೆ. ಪ್ರತಿ ಕಾಗದದ ವಿವರವನ್ನೂ ರಿಜಿಸ್ಟರಿನಲ್ಲಿ ಬರೆಯಬೇಕು. ಆ ರಿಜಿಸ್ಟರಿನ ನಮೂನೆಯಲ್ಲಿ ಸಂಬಂಧಪಟ್ಟ ವ್ಯಕ್ತಿಯ ಸಹಿಗೇ ಒಂದು ಕಾಲಂ ಇದೆ. ಶುಲ್ಕದ ಪಟ್ಟಿಯನ್ನು ಕಚೇರಿಯ ಒಳಗೂ ಹೊರಗೂ ಎದ್ದು ಕಾಣುವಂತೆ ಹಾಕಬೇಕು. ತಗೊಂಡ ದುಡ್ಡಿಗೆ ರಸೀದಿ ಕೊಡಬೇಕು. 17 ವರ್ಷದಲ್ಲಿ ನಮ್ಮ ಹೊಂಗೆ ಮರಕ್ಕೆ ಅಂಥ ಪಟ್ಟಿ ನೇತುಹಾಕಿದ್ದನ್ನು ನಾನು ಕಂಡಿಲ್ಲ. ರಸೀದಿ ಕೇಳಿದ ಗಿರಾಕಿಯನ್ನೂ ಕಂಡಿಲ್ಲ, ಅದು ಬೇರೆ ಮಾತು.

ಇನ್ನೊಂದು ವಿಷಯ ಓದಿ ಯೋಚನೆಗೆ ಬಿದ್ದೆ. ನೋಟರಿ ಆಗಬೇಕಾದರೆ 10 ವರ್ಷ ವಕೀಲಿಕೆ ಮಾಡಿರಬೇಕು. ಮಹಿಳೆಯರು, ಪರಿಶಿಷ್ಟರು, ಹಿಂದುಳಿದ ವರ್ಗದವರಾದರೆ 7 ವರ್ಷ. ಠಸ್ಸೆ ಹೊಡೆಯುವುದಕ್ಕೆ ಇಷ್ಟು ಅನುಭವ ಯಾಕೆ ಬೇಕು? ನನ್ನ ಅಂಗಡಿಯ ಹುಡುಗನೂ ಹೊಡೆದಾನು. ಎದುರಿಗೆ ಕೂತವರ ಮುಖ ನೋಡಿ ‘ಇದು ನಿಮ್ಮದೇ ಸಹಿನಾ, ಏನಕ್ಕೆ ಹಾಕ್ತಿದೀರಿ ಗೊತ್ತಾ, ಯಾರಾದ್ರೂ ಬಲವಂತ ಮಾಡ್ತಿದಾರಾ’ ಅಂತ ಕೇಳಲು ಅಲ್ವಾ ಆ ಅನುಭವ? ಕೇಳುವವರೇ ಇಲ್ಲದಿದ್ದರೆ ಆ ಹತ್ತು ವರ್ಷ ಯಾವ ಲೆಕ್ಕಕ್ಕೆ?

ನಕಲಿ ಛಾಪಾ ಕಾಗದದ ತೆಲಗಿ ಹಗರಣ ನಿಮಗೆ ನೆನಪಿರಬೇಕು. ಅದಾದ ಮೇಲೆ ನಮ್ಮಲ್ಲಿ ಹಳೇ ಛಾಪಾ ಕಾಗದ ಹೋಯಿತು, ಇ-ಸ್ಟಾಂಪ್ ಬಂತು. ಜನ ಈಗಲೂ ‘ಬಾಂಡ್ ಪೇಪರ್ ಕೊಡಿ’ ಅಂತಲೇ ಕೇಳುತ್ತಾರೆ, ಅದಿರಲಿ. ಕಾಗದ ನಕಲಿ ಆಗಬಾರದು ಅಂತ ಸರ್ಕಾರ ಅಷ್ಟು ಮಾಡಿತು. ಆ ಕಾಗದದ ಮೇಲಿನ ಮಾತು ಸುಳ್ಳಾದರೆ ಏನು ಗತಿ ಅಂತ ಯಾರೂ ಅಷ್ಟು ತಲೆ ಕೆಡಿಸಿಕೊಂಡಿಲ್ಲ. ಅತ್ತ 2024ರಲ್ಲಿ ಅಫಿಡವಿಟ್ಟಿನ ಮುದ್ರಾಂಕ ಶುಲ್ಕ 20 ರೂಪಾಯಿಂದ 100 ರೂಪಾಯಿಗೆ ಏರಿತು. ಸ್ಕೂಟರಿಗಾಗಿ ಮೂರು ಅಫಿಡವಿಟ್ ಅಂದರೆ ಸ್ಟಾಂಪಿಗೇ 300. ಆಮೇಲೆ ನನ್ನ ಟೈಪಿಂಗ್, ನೋಟರಿಯವರದು, ಏಜೆಂಟಿನದು. ಆಳುಕಾಳು ಕೆಲಸ ಮಾಡುವವರಿಗೆ ಒಂದು ದಿನದ ಕೂಲಿ ಇಲ್ಲೇ ಮುಗಿಯಿತು.

ಸಾರಿಗೆ ಸಚಿವರೇ, ಈಗ ನಿಮಗೆ. ವಾರಸುದಾರರಿಗೆ ವಾಹನ ವರ್ಗಾವಣೆ ಮಾಡುವುದು ಕೇಂದ್ರ ಮೋಟಾರು ವಾಹನ ನಿಯಮಗಳ 56ನೇ ನಿಯಮದಲ್ಲಿದೆ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, 3 ತಿಂಗಳೊಳಗೆ ಫಾರಂ 31 ಕೊಡಬೇಕು. ಜೊತೆಗೆ ಶುಲ್ಕ, ಮರಣ ಪತ್ರ, ಆರ್‌ಸಿ, ವಿಮೆ. ಪಟ್ಟಿ ಅಲ್ಲಿಗೆ ಮುಗಿಯುತ್ತದೆ. ಮೂರು ನೋಟರಿ ಅಫಿಡವಿಟ್ ಎಲ್ಲಿಂದ ಬಂದವು? ಒಬ್ಬ ವಾರಸುದಾರ ಉಳಿದವರಿಗೆ ಮೋಸ ಮಾಡಬಾರದು ಅನ್ನುವ ಕಾಳಜಿ ಇರಬಹುದು, ಅದು ಒಳ್ಳೆಯದೇ. ಆದರೆ ಆ ಕಾಳಜಿಗಾಗಿ ನೀವು ಕೇಳುವ ಕಾಗದವನ್ನು ಉಳಿದವರಿಲ್ಲದೆಯೇ ಮಾಡಿಸಬಹುದು ಅಂತ ಹೊಂಗೆ ಮರದ ಕೆಳಗಿನ ಕಾಗೆಗೂ ಗೊತ್ತು. ಮೋಸ ತಡೆಯಬೇಕಾದ ಕಾಗದವೇ ಮೋಸಕ್ಕೆ ದಾರಿ ಆಗಿದೆ.

ಆರ್‌ಸಿಯಲ್ಲಿ ನಾಮಿನಿ ಹೆಸರು ಹಾಕಿಸಬಹುದು ಅಂತ 2021ರಲ್ಲೇ ನಿಯಮ ಬಂದಿದೆ. ಆಧಾರ್ ಮೂಲಕ ಮನೆಯಿಂದಲೇ ಮಾಡಬಹುದಾದ 58 ಸೇವೆಗಳನ್ನು 2022ರಲ್ಲಿ ಕೇಂದ್ರ ಪ್ರಕಟಿಸಿತು, ಮಾಲೀಕತ್ವ ವರ್ಗಾವಣೆಯೂ ಅದರಲ್ಲಿದೆ. ನನ್ನ ಅಂಗಡಿಗೆ ಬರುವ ಹತ್ತು ಜನರಲ್ಲಿ ಒಬ್ಬರಿಗಾದರೂ ನಾಮಿನಿ ವಿಷಯ ಗೊತ್ತಿದ್ದರೆ ಹೆಚ್ಚು. ಹೊಸ ಗಾಡಿ ಕೊಡುವಾಗ ಶೋರೂಮಿನವರು ಸೀಟ್ ಕವರು, ಟೆಫ್ಲಾನ್ ಕೋಟಿಂಗ್ ಅಂತ ಎಲ್ಲ ಕೇಳುತ್ತಾರೆ. ನಾಮಿನಿ ಯಾರು ಅಂತ ಕೇಳುವುದನ್ನೂ ಕಡ್ಡಾಯ ಮಾಡಿಸಿ.

ಇನ್ನು ಗಾಡಿ ಮಾರುವವರ ಪಾಡು. ಇದು ಇನ್ನೂ ಅಪಾಯದ್ದು, ವಾರಕ್ಕೆ ನಾಲ್ಕಾದರೂ ನನ್ನ ಕೈಯಲ್ಲೇ ಟೈಪ್ ಆಗುತ್ತದೆ. ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಖಾಲಿ ಬಿಟ್ಟೇ ಸಹಿ ಹಾಕಿ ಕೊಡುತ್ತಾರೆ. ಜೊತೆಗೊಂದು ಕರಾರು. ‘ಇಂದಿನಿಂದ ಸದರಿ ವಾಹನದ ಎಲ್ಲ ಕೇಸು, ದಂಡ, ಅಪಘಾತಗಳಿಗೆ ಖರೀದಿದಾರರೇ ಜವಾಬ್ದಾರರು.’ ಕೆಳಗೆ ನೋಟರಿ ಮೊಹರು. ಮಾರಿದವನು ಕಾಗದ ಮಡಚಿ ಜೇಬಿಗಿಟ್ಟುಕೊಂಡು ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ. ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಅವನು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕಿತ್ತು, ಕೊಂಡವನು 30 ದಿನದೊಳಗೆ ಹೆಸರು ಬದಲಾಯಿಸಬೇಕಿತ್ತು. ಅದನ್ನು ಹೇಳುವವರು ಯಾರು? 2018ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥದ್ದೇ ಒಂದು ಪ್ರಕರಣ ಬಂತು. ಗಾಡಿ ಕೈಯಿಂದ ಕೈಗೆ ದಾಟಿ ಹೋಗಿ ಅಪಘಾತ ಮಾಡಿತ್ತು. ಕೋರ್ಟ್ ನೋಡಿದ್ದು ದಾಖಲೆಯಲ್ಲಿ ಮಾಲೀಕ ಅಂತ ಯಾರ ಹೆಸರಿದೆ ಅನ್ನುವುದನ್ನು. ಪರಿಹಾರದ ಹೊಣೆ ಅವನ ತಲೆಗೇ ಬಂತು. ಹೊಂಗೆ ಮರದ ಕರಾರು ಅಂಥ ಹೊತ್ತಿಗೆ ಕಡಲೆಕಾಯಿ ಕಟ್ಟುವುದಕ್ಕಷ್ಟೇ ಲಾಯಕ್ಕು. ಈಗೀಗ ಇದನ್ನು ಗಿರಾಕಿಗಳಿಗೆ ಹೇಳುತ್ತೇನೆ. ಅರ್ಧ ಜನ ನಂಬುವುದಿಲ್ಲ. ‘ನೋಟರಿ ಆಗಿದೆಯಲ್ಲ ಅಕ್ಕಾ’ ಅಂತಾರೆ.

ನಮ್ಮ ಚಿಕ್ಕಪ್ಪನ ಮಗ ಅಮೆರಿಕದ ಓಹಾಯೋದಲ್ಲಿದ್ದಾನೆ. ಕಾರು ಮಾರುವಾಗ ಅಲ್ಲೂ ನೋಟರಿ ಬೇಕಂತೆ, ಬೇರೆ ಕೆಲವು ರಾಜ್ಯಗಳಲ್ಲಿ ಬೇಡವಂತೆ. ಅಲ್ಲಿ ಕಾರಿಗೆ ಟೈಟಲ್ ಅಂತ ಒಂದು ಕಾಗದ, ಅದರ ಹಿಂಬದಿಯಲ್ಲಿ ಮಾರುವವನ ಸಹಿ. ಇವನು ಜಾಣತನ ಮಾಡಿ ಮನೆಯಲ್ಲೇ ಸಹಿ ಹಾಕಿಕೊಂಡು ಹೋಗಿದ್ದ. ನೋಟರಿಯಮ್ಮ ಒಪ್ಪಲಿಲ್ಲ, ‘ನೀನು ಹಾಕಿದ್ದನ್ನು ನಾನು ನೋಡಿಲ್ಲ’ ಅಂದಳಂತೆ. ಡುಪ್ಲಿಕೇಟ್ ಟೈಟಲ್ ತೆಗೆಸಿ ಮತ್ತೆ ಹೋಗಬೇಕಾಯಿತು. ಫೋನಿನಲ್ಲಿ ಗೊಣಗುತ್ತಿದ್ದ. ನಾನು ಮಾತ್ರ ಆ ಹೆಂಗಸಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಅಲ್ಲಿ ನೋಟರಿ ಆಗಲು ವಕೀಲರೇ ಆಗಬೇಕು ಅಂತಿಲ್ಲ. ಆಕೆ ಒಂದು ಇನ್ಶೂರೆನ್ಸ್ ಕಚೇರಿಯ ಗುಮಾಸ್ತೆ.

ಹಾಗಾದರೆ ಎಲ್ಲದಕ್ಕೂ ಬಿಗಿ ಮಾಡಿ ಅಂತಲೇ? ಅಲ್ಲ. ಬೇಡದ ಕಡೆ ತೆಗೆದೇ ಬಿಡಿ. ಮಕ್ಕಳ ಪಾಸ್‌ಪೋರ್ಟಿಗೆ ಅಪ್ಪ ಅಮ್ಮನ ಒಪ್ಪಿಗೆ ಪತ್ರ ಕೊಡಬೇಕಲ್ಲ, ಮೊದಲು ಅದಕ್ಕೂ ನೋಟರಿ ಅಥವಾ ಮ್ಯಾಜಿಸ್ಟ್ರೇಟ್ ಸಹಿ ಬೇಕಿತ್ತು. 2016ರ ಡಿಸೆಂಬರಿನಲ್ಲಿ ವಿದೇಶಾಂಗ ಇಲಾಖೆ ಅದನ್ನೆಲ್ಲ ತೆಗೆದು, ಬಿಳಿ ಹಾಳೆಯಲ್ಲಿ ನೀವೇ ಬರೆದು ಸಹಿ ಹಾಕಿಕೊಡಿ ಅಂದಿತು. ಆ ವರ್ಷ ನನಗೆ ವ್ಯಾಪಾರ ಸ್ವಲ್ಪ ಕಡಿಮೆ ಆಯಿತು. ಆಕಾಶವೇನೂ ಕಳಚಿ ಬೀಳಲಿಲ್ಲ. ಪಾಸ್‌ಪೋರ್ಟಿಗೇ ಬೇಡವಾದ ಮೊಹರು, ಶಾಲೆಯ ದಾಖಲೆಯಲ್ಲಿ ‘ಮಂಜಮ್ಮ’ ಆಧಾರಿನಲ್ಲಿ ‘ಮಂಜುಳ’ ಇಬ್ಬರೂ ಒಬ್ಬರೇ ಅಂತ ಹೇಳುವುದಕ್ಕೆ ಯಾಕೆ ಬೇಕು? ಗುಮಾಸ್ತರ ಸ್ಪೆಲಿಂಗ್ ತಪ್ಪಿಗೆ ಜನ ದಂಡ ಕಟ್ಟುತ್ತಿದ್ದಾರೆ. ನನ್ನ ದಿನದ ಸಂಪಾದನೆಯಲ್ಲಿ ಅರ್ಧ ಇದರಿಂದಲೇ, ಅದಕ್ಕೇ ಇಷ್ಟು ಖಚಿತವಾಗಿ ಹೇಳುತ್ತಿದ್ದೇನೆ.

ನೋಟರಿ ಮದುವೆ ಅಂತ ಕೇಳಿಕೊಂಡು ಹುಡುಗ ಹುಡುಗಿಯರೂ ಬರುತ್ತಾರೆ. ನೋಟರಿ ಮದುವೆ ಅಧಿಕಾರಿ ಅಲ್ಲ, ಮದುವೆಯ ಅಥವಾ ವಿಚ್ಛೇದನದ ಕಾಗದ ಮಾಡಿಕೊಡುವಂತಿಲ್ಲ ಅಂತ ಕೇಂದ್ರ ಕಾನೂನು ಇಲಾಖೆ 2024ರಲ್ಲಿ ಸುತ್ತೋಲೆ ಹೊರಡಿಸಿತು. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಅಂತ ಹೇಳಿ ಕಳಿಸುತ್ತೇನೆ. ಅದೇ ಥರ ಒಂದು ಸುತ್ತೋಲೆ ಹಕ್ಕು ಬಿಡುಗಡೆ ವಿಷಯದಲ್ಲೂ ಹೊರಡಿಸಿ. ನೋಂದಣಿ ಆಗಲೇಬೇಕಾದ ಕಾಗದಕ್ಕೆ ನೋಟರಿ ಮೊಹರು ಹಾಕುವಂತಿಲ್ಲ ಅಂತ. ಮೊಹರು ಇಲ್ಲದಿದ್ದರೆ ಆ ಹಾಳೆಗೆ ಪಂಚಾಯ್ತಿ ಕಟ್ಟೆಯಲ್ಲೂ ಬೆಲೆ ಇರುವುದಿಲ್ಲ.

ಉಳಿದ ಕಡೆ, ನಿಜವಾಗಿ ಬೇಕಾದ ಕಡೆ, ಸಹಿ ಮಾಡುವವರು ಎದುರಿಗೇ ಬರಲಿ. ರಿಜಿಸ್ಟರಿನಲ್ಲೂ ಅವರ ಸಹಿ, ಹೆಬ್ಬೆಟ್ಟು ಇರಲಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫೋಟೋ ತೆಗೆಯುವ ಹಾಗೆ ಇಲ್ಲೂ ಒಂದು ಫೋಟೋ ಇರಲಿ, ಮೊಬೈಲ್ ಎಲ್ಲರ ಕೈಯಲ್ಲೂ ಇದೆ. ಓದಲು ಬಾರದವರಿಗೆ ಓದಿ ಹೇಳಿದ್ದೇನೆ ಅಂತ ನೋಟರಿ ಕೈಯಾರೆ ಒಂದು ಸಾಲು ಬರೆಯಲಿ. ನಮ್ಮ ಅತ್ತೆಯಂಥವರು ಬರಲಾಗದಿದ್ದರೆ ನೋಟರಿಯವರೇ ಮನೆಗೆ ಹೋಗಲಿ, ಪ್ರಯಾಣದ ಖರ್ಚು ತಗೊಳ್ಳಲು ನಿಯಮದಲ್ಲೇ ಅವಕಾಶ ಇದೆ. ನಿಗದಿ ಮಾಡಿದ ಶುಲ್ಕ ಸಾಲದು ಅಂತ ನೋಟರಿಗಳು ಹೇಳಿದರೆ ಏರಿಸಿ, ನನ್ನ ತಕರಾರಿಲ್ಲ. ಮುಖ ನೋಡಿ ಮಾತಾಡಿಸಲು ಹತ್ತು ನಿಮಿಷ ಬೇಕು, ಹತ್ತು ನಿಮಿಷಕ್ಕೆ ತಕ್ಕ ಕೂಲಿಯೂ ಬೇಕು. ನಮ್ಮಲ್ಲೇ ಒಬ್ಬ ಹಿರಿಯ ನೋಟರಿ ಇದ್ದಾರೆ, ಸಹಿ ಮಾಡುವವರೇ ಬಾರದೆ ಮೊಹರು ಹಾಕುವುದಿಲ್ಲ. ಅವರ ಮೇಜು ಸದಾ ಖಾಲಿ.

ಕಾನೂನು ಸಚಿವರೇ, ನೋಟರಿ ಕಾಯ್ದೆಯ 13ನೇ ಸೆಕ್ಷನ್ ಬಗ್ಗೆಯೂ ಒಂದು ಮಾತು. ನೋಟರಿ ತನ್ನ ಕೆಲಸದಲ್ಲಿ ಅಪರಾಧ ಮಾಡಿದ್ದಾರೆ ಅನ್ನಿಸಿದರೂ, ಸರ್ಕಾರ ಅಧಿಕಾರ ಕೊಟ್ಟ ಅಧಿಕಾರಿ ಬರೆದು ದೂರು ಕೊಡದೆ ಕೋರ್ಟ್ ಅದನ್ನು ಕೈಗೆತ್ತಿಕೊಳ್ಳುವಂತಿಲ್ಲ. ಕೆಲಸ ಮಾಡುವವರಿಗೆ ಸುಳ್ಳು ಕೇಸಿನ ಕಾಟ ಇರಬಾರದು ಅನ್ನುವುದು ಸರಿಯೇ. ಹಾಗಿದ್ದ ಮೇಲೆ ಮೋಸ ಹೋದವರ ದೂರಿಗೆ ಬಾಗಿಲು ನಿಮ್ಮ ಇಲಾಖೆಯೇ. ಆ ಬಾಗಿಲು ಜಿಲ್ಲೆಗೊಂದಾದರೂ ಇರಲಿ. ಅದರ ವಿಳಾಸ ಪ್ರತಿ ನೋಟರಿಯ ಮೇಜಿನ ಮೇಲೆ ಕನ್ನಡದಲ್ಲಿ ಬರೆದಿರಲಿ.

ನನ್ನ ಅಂಗಡಿಯಲ್ಲಿ ಈಗ ಒಂದು ರಟ್ಟಿನ ಬೋರ್ಡು ಹಾಕಿದ್ದೇನೆ. ‘ಸಹಿ ಮಾಡುವವರೇ ಬಂದರೆ ಮಾತ್ರ ಅಫಿಡವಿಟ್.’ ಕೆಲವರು ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಾರೆ. ಅವನಿಗೂ ನಾಲ್ಕು ಕಾಸು ಆಗಲಿ ಬಿಡಿ.

ಆ ಹೆಂಗಸು ಹೋದ ವಾರ ಮತ್ತೆ ಬಂದಿದ್ದಳು, ದೂರು ಬರೆಸಲು. ನಾನೇ ಟೈಪ್ ಮಾಡಿದೆ, ದುಡ್ಡು ತಗೊಳ್ಳಲಿಲ್ಲ. ಎರಡು ಸಲ ಓದಿ ಹೇಳಿದೆ. ‘ಇದರಲ್ಲಿ ಬೇರೆ ಏನೂ ಇಲ್ಲ ಅಲ್ವಾ ಅಕ್ಕಾ?’ ಅಂತ ಮೂರನೇ ಸಲ ಕೇಳಿದಳು. ಮತ್ತೆ ಓದಿದೆ. ಆಮೇಲೆ ನನ್ನ ಕಣ್ಣೆದುರೇ ಸಹಿ ಹಾಕಿದಳು. ಕಾನೂನು ಇಲಾಖೆಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದ್ದೇವೆ. ನಿಮ್ಮ ಮೇಜಿಗೆ ಬಂದಾಗ ಜೊತೆಗಿಟ್ಟ ಎರಡು ಹಾಳೆಯನ್ನೂ ನೋಡಿ. ಅಲ್ಲಿ ‘ಹಿತಾಶಕ್ತಿ’ ಎಂದಿದೆ. ಅವಳ ದೂರಿನಲ್ಲಿ ತಿದ್ದಿದ್ದೇನೆ.

ಇಂತಿ,
ಕೋರ್ಟ್ ಎದುರಿನ ಡಿಟಿಪಿ ಅಂಗಡಿಯವಳು